ಧಾರಣೆಗಿಂತ ಮೊದಲು ಕಾರಣವನ್ನು ನೋಡಿ

ಗೃಹಸ್ಥನ ಬದುಕಿನಲ್ಲಿ ಹಣವನ್ನು ದುಡಿಯುವುದು ಒಂದು ವಿದ್ಯೆಯಾದರೆ, ದುಡಿದದ್ದನ್ನು ತಕ್ಕ ಕಡೆ ತೊಡಗಿಸುವುದು ಇನ್ನೊಂದು ವಿದ್ಯೆ. ಮೊದಲನೆಯದನ್ನು ನಮ್ಮ ರೈತ ಬಂಧುಗಳಿಗೂ ವರ್ತಕ ಬಂಧುಗಳಿಗೂ ಯಾರೂ ಕಲಿಸಬೇಕಾಗಿಲ್ಲ. ಅದು ಅವರಿಗೆ ತಲೆಮಾರುಗಳಿಂದ ಒಲಿದು ಬಂದಿದೆ. ಎರಡನೆಯದರ ವಿಷಯದಲ್ಲಿ ಮಾತ್ರ ನಾವು ಬಹುಮಟ್ಟಿಗೆ ನೆರೆಹೊಲದವರು ಏನು ಮಾಡಿದರೆಂಬುದನ್ನು ನೋಡಿ, ಪೇಟೆಯಲ್ಲಿ ಅಂದಿನ ಧಾರಣೆ ಎಷ್ಟೆಂಬುದನ್ನು ಕೇಳಿ ತೀರ್ಮಾನಕ್ಕೆ ಬರುತ್ತೇವೆ. ಒಂದು ವರ್ಷದ ಬೆಳೆಯಾದರೆ ಈ ರೂಢಿಯಿಂದ ಆಗುವ ನಷ್ಟ ಒಂದು ವರ್ಷಕ್ಕೆ ಮುಗಿಯುತ್ತದೆ. ಹತ್ತಾರು ವರ್ಷಗಳ ಹೂಡಿಕೆಯಾದರೆ ಅದರ ಫಲವನ್ನು ಮಕ್ಕಳೂ ಉಣ್ಣಬೇಕಾಗುತ್ತದೆ.

ಈ ಮಾತನ್ನು ಈಗ ಹೇಳಬೇಕಾದ ಅಗತ್ಯವಿದೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಈ ನಾಲ್ಕು ತಾಲ್ಲೂಕುಗಳ ಯಾವ ಊರಿಗೆ ಹೋದರೂ, ಮದುವೆಯ ಪಂಕ್ತಿಯಲ್ಲಾಗಲಿ ಜಾತ್ರೆಯ ಕಟ್ಟೆಯ ಮೇಲಾಗಲಿ, ಇಂದು ಕೇಳಿಬರುವ ಪ್ರಶ್ನೆ ಒಂದೇ: "ಉಳಿದ ಹೊಲಕ್ಕೂ ಅಡಿಕೆ ಹಾಕಿಬಿಡೋಣವೇ?" ಈ ಒಂದು ಪ್ರಶ್ನೆಯೊಳಗೆ ಸಾಲದ ಪ್ರಶ್ನೆ, ನೀರಿನ ಪ್ರಶ್ನೆ, ಮಗಳ ವಿದ್ಯಾಭ್ಯಾಸದ ಪ್ರಶ್ನೆ, ವೃದ್ಧಾಪ್ಯದ ಪ್ರಶ್ನೆ ಎಲ್ಲವೂ ಅಡಗಿವೆ. ಇದಕ್ಕೆ ಹೌದೆಂದೋ ಇಲ್ಲವೆಂದೋ ಒಂದೇ ಉತ್ತರವನ್ನು ಎಲ್ಲರಿಗೂ ಕೊಡಲಾಗದು. ಆದರೆ ಉತ್ತರವನ್ನು ಕಂಡುಕೊಳ್ಳುವ ಕ್ರಮವೊಂದಿದೆ. ಅದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಹಳೆಯ ಶಾಸ್ತ್ರದ ಒಂದು ಎಚ್ಚರ

ಪೇಟೆಯ ಗತಿಯನ್ನು ಅರಿಯುವುದು ಪಟ್ಟಣದ ಸಾಹುಕಾರರ ಕೆಲಸ, ಅದು ನಮಗೇಕೆ ಎಂದು ಕೆಲವರು ಭಾವಿಸುತ್ತಾರೆ. ಅದು ಸರಿಯಲ್ಲ. ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿಯ ಪ್ರತಿಯನ್ನು ೧೯೦೫ರಲ್ಲಿ ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಗುರುತಿಸಿ, ೧೯೦೯ರಲ್ಲಿ ಅಚ್ಚು ಹಾಕಿಸಿದವರು ನಮ್ಮವರೇ ಆದ ಆರ್. ಶಾಮಶಾಸ್ತ್ರಿಗಳು. ಆ ಗ್ರಂಥದಲ್ಲಿ ಪಣ್ಯಾಧ್ಯಕ್ಷನೆಂಬ ಅಧಿಕಾರಿಯ ಕರ್ತವ್ಯವನ್ನು ಹೇಳುವ ಅಧ್ಯಾಯವಿದೆ. ನೆಲದ ಮಾರ್ಗದಿಂದಲೂ ಜಲಮಾರ್ಗದಿಂದಲೂ ಬರುವ ಸರಕುಗಳಲ್ಲಿ ಯಾವುದಕ್ಕೆ ಬೇಡಿಕೆ ಇದೆ, ಯಾವುದಕ್ಕಿಲ್ಲ, ಯಾವುದರ ಬೆಲೆ ಏರುತ್ತಿದೆ, ಯಾವುದರದು ಇಳಿಯುತ್ತಿದೆ ಎಂಬುದನ್ನು ಆತ ಮೊದಲು ತಿಳಿದಿರಬೇಕೆಂಬುದು ಅಲ್ಲಿನ ವಿಧಿ. ಕೊಳ್ಳುವುದು, ಮಾರುವುದು, ಕೂಡಿಡುವುದು ಇವೆಲ್ಲ ಆ ತಿಳಿವಿನ ನಂತರದ ಮಾತು. ರಾಜ್ಯಕ್ಕೆ ಸಲ್ಲುವ ಈ ವಿವೇಕ ಒಂದು ಮನೆತನಕ್ಕೂ ಸಲ್ಲುತ್ತದೆ.

ನಾಲ್ಕು ತಾಲ್ಲೂಕು, ನಾಲ್ಕು ಬಗೆಯ ನೆಲ

೧೯೯೭ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾದಾಗ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗದ ಕಡೆಯಿಂದ ಬಂದು ಸೇರಿದವು. ಜಗಳೂರು ಚಿತ್ರದುರ್ಗದ ಕಡೆಯಿಂದ ಬಂದಿತು. ನ್ಯಾಮತಿಯು ಹೊನ್ನಾಳಿಯಿಂದ ಬೇರ್ಪಟ್ಟು ೨೦೧೮ರಲ್ಲಿ ಪ್ರತ್ಯೇಕ ತಾಲ್ಲೂಕಾಯಿತು. ಆಡಳಿತ ಒಂದಾದರೂ ನೆಲದ ಗುಣ ಒಂದಲ್ಲ. ಚನ್ನಗಿರಿಗೆ ಭದ್ರಾ ನಾಲೆಯ ನೀರಿದೆ, ಸೂಳೆಕೆರೆಯಂತಹ ಮಹಾ ಜಲಾಶಯವಿದೆ. ಅಡಿಕೆಯೇ ಅಲ್ಲಿನ ಬದುಕಿನ ಬೆನ್ನೆಲುಬು. ಹೊನ್ನಾಳಿಗೆ ತುಂಗಭದ್ರೆಯ ದಡವಿದೆ, ನಾಲೆಯ ಬಯಲಿದೆ. ಅಲ್ಲಿ ಭತ್ತದ ಗದ್ದೆಗಳು ಒಂದೊಂದಾಗಿ ತೋಟಗಳಾಗುತ್ತಿವೆ. ನ್ಯಾಮತಿಯ ಮಳೆಯಾಶ್ರಿತ ಹೊಲಗಳಲ್ಲಿ ಮೆಕ್ಕೆಜೋಳ ಮುಖ್ಯ. ಜಗಳೂರು ಬರಕ್ಕೆ ಹೆಸರಾದ ಸೀಮೆ. ಶೇಂಗಾ, ಮೆಕ್ಕೆಜೋಳ ಮೊದಲಾದ ಬೆಳೆಗಳನ್ನು ಮಳೆಯನ್ನು ನಂಬಿ ಬೆಳೆಯುವ ನಾಡು. ತುಂಗಭದ್ರೆಯಿಂದ ಅಲ್ಲಿನ ೫೭ ಕೆರೆಗಳನ್ನು ತುಂಬಿಸುವ ಯೋಜನೆಯಿಂದ ಈಚೆಗೆ ಹೊಸ ಆಸೆ ಮೂಡಿದೆ. ಕೊಳವೆಬಾವಿ ಕೊರೆಸಿ ಅಡಿಕೆ ಸಸಿ ನೆಟ್ಟವರು ಅಲ್ಲೂ ಇದ್ದಾರೆ.

ನೆಲ ನಾಲ್ಕು ಬಗೆಯದಾಗಿರುವಾಗ ಹೂಡಿಕೆಯ ತೀರ್ಮಾನ ಮಾತ್ರ ಒಂದೇ ಆಗುತ್ತಿರುವುದೇಕೆ? ಚನ್ನಗಿರಿಯ ತುಮ್ಕೋಸ್ ಸಂಘದ ಧಾರಣೆ ದಿನವೂ ಪತ್ರಿಕೆಯಲ್ಲಿ ಅಚ್ಚಾಗುತ್ತದೆ. ರಾಶಿ ಅಡಿಕೆಯ ಆ ಅಂಕಿಯನ್ನು ಚನ್ನಗಿರಿಯವರೂ ಓದುತ್ತಾರೆ, ಜಗಳೂರಿನವರೂ ಓದುತ್ತಾರೆ. ಅಂಕಿ ಎಲ್ಲರಿಗೂ ಒಂದೇ; ಅದನ್ನು ದುಡಿಯಲು ತಗಲುವ ವೆಚ್ಚ, ನೀರು, ಕಾಲ ಇವು ಒಬ್ಬೊಬ್ಬರಿಗೆ ಒಂದೊಂದು ಬಗೆ.

ಧಾರಣೆ ನಿನ್ನೆಯ ಸುದ್ದಿ

ಅಡಿಕೆಯ ಸಸಿ ನೆಟ್ಟ ಮೇಲೆ ಮೊದಲ ಫಸಲು ಕಾಣಲು ಐದಾರು ವರ್ಷ ಬೇಕು; ಪೂರ್ಣ ಇಳುವರಿಗೆ ಇನ್ನೂ ಕೆಲವು ವರ್ಷ ಕಾಯಬೇಕು. ಆದ್ದರಿಂದ ಇಂದಿನ ಧಾರಣೆಯನ್ನು ನೋಡಿ ಇಂದು ಸಸಿ ನೆಡುವವನು ಆ ಧಾರಣೆಗೆ ಮಾರುವುದಿಲ್ಲ. ಆರೇಳು ವರ್ಷಗಳ ನಂತರದ, ಯಾರೂ ಕಾಣದ ಧಾರಣೆಗೆ ಅವನು ಮಾರಬೇಕು.

ಹಿಂದಿನ ಇತಿಹಾಸವನ್ನು ನೋಡೋಣ. ೧೯೯೯-೨೦೦೦ರ ಸುಮಾರಿಗೆ ಅಡಿಕೆ ಒಳ್ಳೆಯ ಬೆಲೆ ಕಂಡಿತು. ಅದರ ಬೆನ್ನಿಗೇ ಕುಸಿದು ಹಲವು ವರ್ಷ ಬೆಳೆಗಾರರನ್ನು ಕಂಗೆಡಿಸಿತು. ೨೦೧೪ರಲ್ಲಿ ರಾಶಿ ಅಡಿಕೆ ಅಂದಿನವರೆಗೆ ಕಾಣದ ಎತ್ತರಕ್ಕೆ ಏರಿತು. ೨೦೧೬ರ ಹೊತ್ತಿಗೆ ಆ ಬೆಲೆಯ ಅರ್ಧವೂ ಉಳಿದಿರಲಿಲ್ಲ. ೨೦೨೦ರ ನಂತರ ಮತ್ತೆ ಚೇತರಿಸಿ ಕ್ವಿಂಟಾಲಿಗೆ ನಲವತ್ತು, ಐವತ್ತು ಸಾವಿರದ ಆಸುಪಾಸಿನಲ್ಲಿ ನಿಂತಿತು. ೨೦೨೫ರಲ್ಲಿ ೬೦,೦೦೦ ರೂ. ದಾಟಿದ ದಿನಗಳೂ ಬಂದವು. ಏರಿದಾಗಲೆಲ್ಲ ಹೊಸ ತೋಟಗಳು ಎದ್ದಿವೆ. ೨೦೧೪ರ ಬೆಲೆಯನ್ನು ಕಂಡು ನೆಟ್ಟ ತೋಟ ಫಸಲಿಗೆ ಬಂದದ್ದು ೨೦೨೦ರ ನಂತರ. ಆ ಬೆಳೆಗಾರರಿಗೆ ಕಾಲ ಕೂಡಿಬಂದಿತು. ಈ ಐದಾರು ವರ್ಷಗಳಲ್ಲಿ ನೆಟ್ಟ ಸಸಿಗಳೆಲ್ಲ ಒಟ್ಟಿಗೆ ಫಸಲಿಗೆ ಬರುವ ಕಾಲದಲ್ಲಿ ಏನಾದೀತೆಂಬುದನ್ನು ಈಗಲೇ ಯೋಚಿಸಬೇಕು. ಎಲ್ಲರೂ ಪಲ್ಲಕ್ಕಿ ಏರಿದರೆ ಹೊರುವವರು ಯಾರು ಎಂಬ ಗಾದೆ ಪೇಟೆಗೂ ಒಪ್ಪುತ್ತದೆ.

ವೆನಿಲ್ಲಾದ ಕಥೆ ಮಲೆನಾಡಿನ ಬಂಧುಗಳಿಗೆ ಇನ್ನೂ ಮರೆತಿರಲಾರದು. ವೆನಿಲ್ಲಾವನ್ನು ಜಗತ್ತಿಗೆ ಹೆಚ್ಚಾಗಿ ಒದಗಿಸುವ ಮಡಗಾಸ್ಕರ್ ದ್ವೀಪಕ್ಕೆ ೨೦೦೦ದಲ್ಲಿ ಚಂಡಮಾರುತ ಅಪ್ಪಳಿಸಿತು. ಅಲ್ಲಿನ ಬೆಳೆ ಹಾಳಾಯಿತು. ಸರಕು ವಿರಳವಾಗಿ ಬೆಲೆ ಗಗನಕ್ಕೇರಿತು. ಕರ್ನಾಟಕದಲ್ಲಿ ಹಸಿ ಕೋಡಿಗೆ ಕಿಲೋಗೆ ಮೂರು ಸಾವಿರ ರೂಪಾಯಿ ಮೀರಿದ ಬೆಲೆಯೂ ಸಿಕ್ಕಿತು. ಬಳ್ಳಿಯ ತುಂಡಿಗೂ ಬೆಲೆ ಬಂದಿತು, ತೋಟಕ್ಕೆ ಕಾವಲು ಬಂದಿತು. ಮಡಗಾಸ್ಕರ್ ಚೇತರಿಸಿಕೊಂಡಿತು; ವೆನಿಲ್ಲಾ ಪರಿಮಳವನ್ನು ಬಳಸುವ ಕಾರ್ಖಾನೆಗಳು ಅಷ್ಟರಲ್ಲಿ ಕೃತಕ ಪರಿಮಳಕ್ಕೆ ಹೊರಳಿದ್ದವು. ೨೦೦೫ರ ವೇಳೆಗೆ ಬೆಲೆ ಕುಸಿದು ಬಳ್ಳಿಯನ್ನು ನೋಡಿಕೊಳ್ಳುವವರೇ ಇಲ್ಲವಾದರು. ಬೆಲೆ ಏರಿದ್ದಕ್ಕೆ ಕಾರಣ ದೂರದ ಒಂದು ಬಿರುಗಾಳಿ ಎಂದು ತಿಳಿದವನಿಗೆ, ಬಿರುಗಾಳಿಯ ಗಾಯ ಮಾಯ್ದ ದಿನ ಬೆಲೆಯೂ ಇಳಿಯುವುದೆಂಬುದು ಮೊದಲೇ ಹೊಳೆಯುತ್ತಿತ್ತು.

ಬೆಲೆಯ ಹಿಂದಿನ ಐದು ಕಾರಣಗಳು

ಹಾಗಾದರೆ ಅಡಿಕೆಯ ಬೆಲೆಯನ್ನು ಹಿಡಿದು ನಿಲ್ಲಿಸಿರುವ ಕಾರಣಗಳಾವುವು? ಐದನ್ನು ಇಲ್ಲಿ ವಿಚಾರಿಸೋಣ.

ಮೊದಲನೆಯದು ಪೂರೈಕೆ. ಜಗತ್ತಿನ ಅಡಿಕೆಯ ಅರ್ಧಕ್ಕಿಂತ ಹೆಚ್ಚು ಭಾರತದ್ದು, ಭಾರತದ ಅಡಿಕೆಯ ಬಹುಪಾಲು ಕರ್ನಾಟಕದ್ದು. ಆದ್ದರಿಂದ ನಮ್ಮ ಜಿಲ್ಲೆಗಳಲ್ಲಿ ತೋಟದ ವಿಸ್ತೀರ್ಣ ಹೆಚ್ಚಿದರೆ ಅದರ ಭಾರ ನೇರವಾಗಿ ನಮ್ಮ ಬೆಲೆಯ ಮೇಲೆಯೇ ಬೀಳುತ್ತದೆ. ಮಲೆನಾಡಿನ ಎಲೆಚುಕ್ಕಿ, ಕೊಳೆ, ಹಳದಿ ಎಲೆ ರೋಗಗಳಿಂದ ಅಲ್ಲಿನ ಫಸಲು ತಗ್ಗಿದರೆ ಬಯಲುಸೀಮೆಯ ಬೆಳೆಗಾರನಿಗೆ ಬೆಲೆ ಸಿಗುತ್ತದೆ. ನೆರೆಯವನ ಕಷ್ಟದ ಮೇಲೆ ನಿಂತ ಬೆಲೆ ಚಿರಕಾಲದ್ದಲ್ಲ.

ಎರಡನೆಯದು ಬೇಡಿಕೆ. ನಮ್ಮ ರಾಶಿ ಅಡಿಕೆಯ ದೊಡ್ಡ ಗಿರಾಕಿ ಉತ್ತರ ಭಾರತದ ಪಾನ್ ಮಸಾಲ ಉದ್ಯಮ. ೨೦೧೩ರ ಮೇ ಕೊನೆಯಲ್ಲಿ ಕರ್ನಾಟಕ ಸರಕಾರ ಗುಟ್ಕಾವನ್ನು ನಿಷೇಧಿಸಿತು. ಬೇರೆ ರಾಜ್ಯಗಳೂ ನಿಷೇಧಿಸಿದವು. ಅಡಿಕೆಗೆ ಕೊನೆಗಾಲ ಬಂದಿತೆಂದು ಅಂದು ಹಲವರು ಹೆದರಿದರು. ಉದ್ಯಮದವರು ಪಾನ್ ಮಸಾಲ ಮತ್ತು ತಂಬಾಕನ್ನು ಬೇರೆ ಬೇರೆ ಚೀಟಿಗಳಲ್ಲಿ ಮಾರತೊಡಗಿದರು. ಬೇಡಿಕೆ ನಿಲ್ಲಲಿಲ್ಲ, ಮರುವರ್ಷವೇ ದಾಖಲೆಯ ಬೆಲೆ ಬಂದಿತು. ಒಂದೇ ಸುದ್ದಿಯನ್ನು ಕೇಳಿ ತೋಟ ಮಾರುವುದೂ ತಪ್ಪು, ಒಂದೇ ಸುದ್ದಿಯನ್ನು ಕೇಳಿ ತೋಟ ಕೊಳ್ಳುವುದೂ ತಪ್ಪು ಎಂಬುದು ಇದರಿಂದ ತಿಳಿಯುತ್ತದೆ.

ಮೂರನೆಯದು ಸರಕಾರದ ನಿಯಮ. ಹೊರದೇಶದ ಅಡಿಕೆ ಅಗ್ಗವಾಗಿ ಒಳಗೆ ಬಾರದಂತೆ ಕೇಂದ್ರ ಸರಕಾರ ಕನಿಷ್ಠ ಆಮದು ಬೆಲೆಯನ್ನು ಗೊತ್ತುಪಡಿಸಿದೆ. ೨೦೧೭ರಲ್ಲಿ ಅದನ್ನು ಕಿಲೋಗೆ ೨೫೧ ರೂ.ಗೆ, ೨೦೨೩ರ ಫೆಬ್ರವರಿಯಲ್ಲಿ ೩೫೧ ರೂ.ಗೆ ಏರಿಸಲಾಯಿತು. ೨೦೨೨ರಲ್ಲಿ ಭೂತಾನದಿಂದ ೧೭,೦೦೦ ಟನ್ ಹಸಿ ಅಡಿಕೆಯನ್ನು ಈ ನಿಯಮವಿಲ್ಲದೆಯೇ ತರಲು ಅನುಮತಿ ಕೊಟ್ಟಾಗ ನಮ್ಮ ಬೆಳೆಗಾರರಲ್ಲಿ ಆತಂಕ ಮೂಡಿತು. ದೆಹಲಿಯ ಒಂದು ಪ್ರಕಟಣೆ ಚನ್ನಗಿರಿಯ ಅಂಗಳದಲ್ಲಿ ಒಣಗುವ ಅಡಿಕೆಯ ಬೆಲೆಯನ್ನು ಅಲುಗಿಸಬಲ್ಲುದು. ನಿಯಮದ ಆಸರೆಯಿಂದ ನಿಂತ ಬೆಲೆ ನಿಯಮ ಬದಲಾದ ದಿನ ಬದಲಾಗುತ್ತದೆ.

ನಾಲ್ಕನೆಯದು ಆರೋಗ್ಯದ ವಿಚಾರ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ೨೦೦೪ರಲ್ಲಿ ಅಡಿಕೆಯನ್ನು ಕ್ಯಾನ್ಸರ್‌ಕಾರಕ ವಸ್ತುಗಳ ಮೊದಲ ವರ್ಗಕ್ಕೆ ಸೇರಿಸಿತು. ಈ ತೀರ್ಮಾನದ ಬಗ್ಗೆ ಬೆಳೆಗಾರರ ಸಂಘಟನೆಗಳು ತಕರಾರು ಎತ್ತುತ್ತಲೇ ಬಂದಿವೆ. ವಾದ ಏನೇ ಇರಲಿ, ಮೂವತ್ತು ವರ್ಷ ಬಾಳುವ ತೋಟಕ್ಕೆ ಹಣ ಹಾಕುವವನು ಮುಂದಿನ ಪೀಳಿಗೆಯವರು ಈ ಪದಾರ್ಥವನ್ನು ಇಷ್ಟೇ ಪ್ರಮಾಣದಲ್ಲಿ ಬಳಸಿಯಾರೇ ಎಂಬುದನ್ನು ತನ್ನ ಲೆಕ್ಕದಲ್ಲಿ ಇಟ್ಟುಕೊಳ್ಳದೆ ಇರಲಾಗದು.

ಐದನೆಯದು ನೀರು. ೨೦೨೩ರಲ್ಲಿ ಮಳೆ ಕೈಕೊಟ್ಟು ರಾಜ್ಯದ ೨೩೬ ತಾಲ್ಲೂಕುಗಳಲ್ಲಿ ೨೨೩ನ್ನು ಬರಪೀಡಿತವೆಂದು ಘೋಷಿಸಬೇಕಾಯಿತು. ಭದ್ರಾ ಜಲಾಶಯ ತುಂಬಲಿಲ್ಲ. ೨೦೨೪ರ ಬೇಸಿಗೆಯಲ್ಲಿ ಚನ್ನಗಿರಿಯಂತಹ ನೀರಾವರಿ ಸೀಮೆಯಲ್ಲಿಯೇ ಟ್ಯಾಂಕರಿನಲ್ಲಿ ನೀರು ತಂದು ತೋಟಗಳನ್ನು ಉಳಿಸಿಕೊಳ್ಳಬೇಕಾಯಿತು. ನಾಲೆಯಿರುವ ಚನ್ನಗಿರಿಗೇ ಈ ಗತಿಯಾದರೆ, ಕೊಳವೆಬಾವಿಯೊಂದನ್ನೇ ನೆಚ್ಚಿದ ಜಗಳೂರಿನ ತೋಟದ ಗತಿಯನ್ನು ಓದುಗರೇ ಊಹಿಸಿಕೊಳ್ಳಬಹುದು.

ಬೆಲೆ ಅರ್ಧವಾದರೆ ಲಾಭ ಎಷ್ಟಾಗುತ್ತದೆ?

ಬೆಲೆ ಇಳಿದರೂ ಅರ್ಧ ಲಾಭವಾದರೂ ಉಳಿಯುತ್ತದಲ್ಲ ಎಂದು ಹೇಳುವುದನ್ನು ಕೇಳುತ್ತೇವೆ. ಇದು ಲೆಕ್ಕಕ್ಕೆ ನಿಲ್ಲುವ ಮಾತಲ್ಲ. ತಿಳಿವಳಿಕೆಗಾಗಿ ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಒಂದು ಎಕರೆಯಲ್ಲಿ ಹತ್ತು ಕ್ವಿಂಟಾಲ್ ಅಡಿಕೆ; ಗೊಬ್ಬರ, ಕೂಲಿ, ಕೊಯ್ಲು, ಸುಲಿತ, ಬೇಯಿಸಿ ಒಣಗಿಸುವುದು ಎಲ್ಲ ಸೇರಿ ವರ್ಷದ ಖರ್ಚು ಒಂದೂವರೆ ಲಕ್ಷ ಎಂದಿಟ್ಟುಕೊಳ್ಳಿ. ಕ್ವಿಂಟಾಲಿಗೆ ೫೦,೦೦೦ ರೂ. ಸಿಕ್ಕರೆ ಐದು ಲಕ್ಷ ಬರುತ್ತದೆ; ಖರ್ಚು ಕಳೆದು ಮೂರೂವರೆ ಲಕ್ಷ ಉಳಿಯುತ್ತದೆ. ಬೆಲೆ ೨೫,೦೦೦ಕ್ಕೆ ಇಳಿದರೆ ಬರುವುದು ಎರಡೂವರೆ ಲಕ್ಷ, ಖರ್ಚು ಇಳಿಯುವುದಿಲ್ಲ, ಉಳಿಯುವುದು ಒಂದು ಲಕ್ಷ ಮಾತ್ರ. ಬೆಲೆ ಅರ್ಧವಾದಾಗ ಲಾಭ ಮೂರರಲ್ಲೊಂದು ಭಾಗಕ್ಕಿಂತಲೂ ಕಡಮೆಯಾಯಿತು.

ಈ ತೋಟ ಸಾಲದ ಮೇಲೆ ನಿಂತಿದ್ದು, ವರ್ಷಕ್ಕೆ ಒಂದೂಕಾಲು ಲಕ್ಷ ಕಂತು ಕಟ್ಟಬೇಕಾಗಿದ್ದರೆ? ಮೊದಲ ಸ್ಥಿತಿಯಲ್ಲಿ ಕಂತು ಕಟ್ಟಿ ಎರಡೂಕಾಲು ಲಕ್ಷ ಮನೆಗೆ ಉಳಿಯುತ್ತದೆ. ಎರಡನೆಯ ಸ್ಥಿತಿಯಲ್ಲಿ ಕೈಯಿಂದಲೇ ಇಪ್ಪತ್ತೈದು ಸಾವಿರ ಸೇರಿಸಬೇಕು. ತೋಟ ಅದೇ, ದುಡಿಮೆ ಅದೇ, ಫಸಲೂ ಅದೇ. ಸಾಲವೊಂದು ಸೇರಿದ್ದರಿಂದ ಯಜಮಾನ ಕೂಲಿಯವನಾದ. ಇನ್ನೊಂದನ್ನೂ ಗಮನಿಸಬೇಕು. ಸಸಿ, ಹನಿ ನೀರಾವರಿ, ಕೊಳವೆಬಾವಿಗೆಂದು ನಾಲ್ಕು ಲಕ್ಷ ಸಾಲ ತಂದು, ಶೇಕಡ ೯ರ ಬಡ್ಡಿಯನ್ನೂ ಕಟ್ಟದೆ ಬಿಟ್ಟರೆ, ತೋಟ ಫಲಕ್ಕೆ ಬರುವ ಆರನೆಯ ವರ್ಷದ ಕೊನೆಗೆ ಆ ಸಾಲ ಬೆಳೆದು ಸುಮಾರು ಆರು ಲಕ್ಷ ಎಪ್ಪತ್ತು ಸಾವಿರವಾಗುತ್ತದೆ. ಸಸಿ ಬೆಳೆಯುವಾಗ ಸಾಲವೂ ಬೆಳೆಯುತ್ತದೆ. ಸಸಿಗೆ ರೋಗ ಬರಬಹುದು, ಬಡ್ಡಿಗೆ ಬರುವುದಿಲ್ಲ.

ಖೇಣಿ ಕೊಡುವವರಿಗೂ ಈ ವಿಚಾರ ಮುಖ್ಯ. ಫಸಲನ್ನು ಖೇಣಿದಾರನಿಗೆ ಮುಂಚಿತವಾಗಿ ಕೊಟ್ಟಾಗ ಬೆಲೆ ಇಳಿಯುವ ಭಯ ಅವನ ಹೆಗಲಿಗೆ ಹೋಗುತ್ತದೆ, ಏರುವ ಲಾಭವೂ ಅವನದಾಗುತ್ತದೆ. ಬೆಲೆಯ ಗತಿಯನ್ನು ತಿಳಿದ ಬೆಳೆಗಾರ ಎಷ್ಟಕ್ಕೆ ಖೇಣಿ ಕೊಡಬೇಕು, ಎಷ್ಟನ್ನು ತಾನೇ ಸಂಸ್ಕರಿಸಿ ಸಹಕಾರ ಸಂಘದಲ್ಲಿ ಇಟ್ಟು ಕಾಯಬಹುದು ಎಂಬುದನ್ನು ನಿರ್ಧರಿಸಬಲ್ಲ. ತಿಳಿಯದವನು ಹಬ್ಬದ ಖರ್ಚಿಗೆ ಯಾವ ಬೆಲೆಗೆ ಬೇಕಾದರೂ ಒಪ್ಪುತ್ತಾನೆ.

ಮೆಕ್ಕೆಜೋಳ ಹೇಳುವ ಪಾಠ

ಅಡಿಕೆಯಿಲ್ಲದ ನ್ಯಾಮತಿ, ಜಗಳೂರಿನ ಹೊಲಗಳಿಗೂ ಪೇಟೆಯ ಗಾಳಿ ತಾಗದೆ ಇರುವುದಿಲ್ಲ. ಮೆಕ್ಕೆಜೋಳವನ್ನು ನಾವು ಉಣ್ಣುವುದು ಕಡಮೆ. ಅದರ ದೊಡ್ಡ ಗಿರಾಕಿ ಕೋಳಿ ಸಾಕಣೆ, ಆಮೇಲೆ ಪಿಷ್ಟದ ಕಾರ್ಖಾನೆ, ಈಚೆಗೆ ಎಥನಾಲ್ ಕಾರ್ಖಾನೆ. ೨೦೨೦ರ ಆರಂಭದಲ್ಲಿ ಕೋಳಿ ತಿಂದರೆ ಕೊರೋನಾ ಬರುತ್ತದೆಂಬ ಸುಳ್ಳು ವದಂತಿ ಹಬ್ಬಿತು. ಕೋಳಿ ಕೇಳುವವರಿಲ್ಲವಾದರು, ಸಾಕಣೆದಾರರು ಮೆಕ್ಕೆಜೋಳ ಕೊಳ್ಳುವುದನ್ನು ಬಿಟ್ಟರು, ಬೆಲೆ ಸರಕಾರದ ಬೆಂಬಲ ಬೆಲೆಗಿಂತ ಬಹಳ ಕೆಳಗೆ ಬಿದ್ದಿತು. ರಾಜ್ಯ ಸರಕಾರ ಮೆಕ್ಕೆಜೋಳ ಬೆಳೆಗಾರರಿಗೆ ತಲಾ ೫,೦೦೦ ರೂ. ನೆರವು ಘೋಷಿಸಬೇಕಾಯಿತು.

ಮುಂದೆ ಪೆಟ್ರೋಲಿಗೆ ಎಥನಾಲ್ ಬೆರೆಸುವ ನೀತಿಯಿಂದ ಬೇಡಿಕೆ ಬೆಳೆಯಿತು. ೨೦೨೪ರಲ್ಲಿ ಭಾರತವೇ ಹೊರದೇಶದಿಂದ ಮೆಕ್ಕೆಜೋಳ ತರಿಸಿತು. ಬೆಲೆ ಚೆನ್ನಾಗಿದೆಯೆಂದು ಎಲ್ಲರೂ ಬಿತ್ತಿದರು. ೨೦೨೫-೨೬ರ ಬೆಂಬಲ ಬೆಲೆ ಕ್ವಿಂಟಾಲಿಗೆ ೨,೪೦೦ ರೂ. ಎಂದು ಘೋಷಣೆಯಾಗಿದ್ದರೂ, ೨೦೨೫ರ ಕೊಯ್ಲಿನ ಕಾಲದಲ್ಲಿ ಕರ್ನಾಟಕದ ಪೇಟೆಗಳಲ್ಲಿ ಬೆಲೆ ಎರಡು ಸಾವಿರಕ್ಕಿಂತ ಕೆಳಗಿಳಿದು ರೈತರು ಖರೀದಿ ಕೇಂದ್ರಕ್ಕಾಗಿ ಬೀದಿಗಿಳಿದರು. ಬೆಂಬಲ ಬೆಲೆಯೆಂಬುದು ಖರೀದಿ ಕೇಂದ್ರ ತೆರೆದಾಗ ಮಾತ್ರ ಬೆಲೆ. ತೆರೆಯದಿದ್ದರೆ ಅದು ಬರಿಯ ಅಂಕಿ. ಬಿತ್ತುವ ಮೊದಲೇ ಈ ವ್ಯತ್ಯಾಸವನ್ನು ಮನಗಾಣುವುದು ಒಳಿತು.

ಬಡ್ಡಿ, ಬಂಗಾರ, ಷೇರು

ಹೊಲದ ಹೊರಗಿನ ಹೂಡಿಕೆಗೂ ಇದೇ ನ್ಯಾಯ ಅನ್ವಯಿಸುತ್ತದೆ. ಬ್ಯಾಂಕಿನ ಠೇವಣಿಯ ಬಡ್ಡಿ ರಿಸರ್ವ್ ಬ್ಯಾಂಕಿನ ರೆಪೋ ದರವನ್ನು ಅನುಸರಿಸಿ ಏರಿಳಿಯುತ್ತದೆ. ಆ ದರವು ೨೦೨೨ರ ಮೇ ತಿಂಗಳಿಂದ ೨೦೨೩ರ ಫೆಬ್ರವರಿಯವರೆಗೆ ಶೇಕಡ ೪ರಿಂದ ಆರೂವರೆಗೆ ಏರಿತು. ೨೦೨೫ರ ಫೆಬ್ರವರಿಯಿಂದ ಇಳಿಯತೊಡಗಿತು. ದರ ಎತ್ತರದಲ್ಲಿದ್ದಾಗ ದೀರ್ಘಾವಧಿಗೆ ಠೇವಣಿ ಇಟ್ಟವರು ಇಳಿಕೆಯ ನಂತರವೂ ಹಳೆಯ ಬಡ್ಡಿಯನ್ನೇ ಪಡೆಯುತ್ತಾರೆ. ಬಡ್ಡಿಯ ಜತೆಗೆ ಬೆಲೆಯೇರಿಕೆಯನ್ನೂ ನೋಡಬೇಕು. ಶೇಕಡ ೭ ಬಡ್ಡಿ ಬರುವಾಗ ಮನೆಯ ಖರ್ಚು ಶೇಕಡ ೫ರಂತೆ ಏರುತ್ತಿದ್ದರೆ, ನಿಜವಾದ ಗಳಿಕೆ ಸುಮಾರು ಎರಡೇ.

ಬಂಗಾರವನ್ನು ನಮ್ಮ ತಾಯಂದಿರು ಎಂದೂ ಇಳಿಯದ ಆಸ್ತಿಯೆಂದು ನಂಬಿದ್ದಾರೆ. ೨೦೨೫ರಲ್ಲಿ ಹತ್ತು ಗ್ರಾಂಗೆ ಒಂದು ಲಕ್ಷ ರೂಪಾಯಿ ದಾಟಿದ ಮೇಲೆ ಆ ನಂಬಿಕೆ ಇನ್ನೂ ಬಲಿತಿದೆ. ಆದರೆ ೨೦೧೨ರಲ್ಲಿ ೩೧,೦೦೦ ರೂ.ಗಳ ಸುಮಾರಿಗೆ ಕೊಂಡವರು ೨೦೧೫ರಲ್ಲಿ ಅದು ೨೫,೦೦೦ದ ಆಸುಪಾಸಿಗೆ ಇಳಿದುದನ್ನು ಕಂಡರು. ಕೊಂಡ ಬೆಲೆಯನ್ನು ಮೀರಿ ಗಟ್ಟಿಯಾಗಿ ಏರಲು ಆರೇಳು ವರ್ಷ ಕಾಯಬೇಕಾಯಿತು. ಷೇರು ಪೇಟೆಯದೂ ಅಷ್ಟೆ. ೨೦೦೮ರ ಜನವರಿಯಲ್ಲಿ ೨೧,೦೦೦ ದಾಟಿದ ಮುಂಬಯಿಯ ಸೂಚ್ಯಂಕ ಅದೇ ಅಕ್ಟೋಬರಿನಲ್ಲಿ ೯,೦೦೦ಕ್ಕಿಂತ ಕೆಳಗೆ ಬಿದ್ದಿತು. ೨೦೧೦ರ ನವೆಂಬರಿನಲ್ಲಿ ಮತ್ತೆ ಹಳೆಯ ಎತ್ತರವನ್ನು ಸಮೀಪಿಸಿತು. ಮಗಳ ಮದುವೆಗೆಂದು ಇಟ್ಟ ಹಣವನ್ನು ಅಲ್ಲಿ ಹಾಕಿ ೨೦೦೮ರ ಕೊನೆಯಲ್ಲಿ ತೆಗೆದವನು ಅರ್ಧಕ್ಕಿಂತ ಹೆಚ್ಚು ಕಳೆದುಕೊಂಡ; ತೆಗೆಯುವ ಅವಸರವಿಲ್ಲದವನು ಉಳಿದುಕೊಂಡ. ಇಬ್ಬರೂ ಕೊಂಡದ್ದು ಒಂದೇ ವಸ್ತು. ವ್ಯತ್ಯಾಸವಿದ್ದುದು ಹಣ ಬೇಕಾಗುವ ಕಾಲದಲ್ಲಿ.

ಅಸಲಿನ ಭದ್ರತೆ

ಬಡ್ಡಿ ಎಷ್ಟು ಎಂದು ಕೇಳುವ ಮೊದಲು ಅಸಲು ಎಲ್ಲಿ ಭದ್ರ ಎಂದು ಕೇಳಬೇಕು. ಬ್ಯಾಂಕಿನ ಠೇವಣಿಗೆ ವಿಮೆಯಿದೆ. ೨೦೨೦ರ ಫೆಬ್ರವರಿ ೪ರಿಂದ ಒಬ್ಬ ಠೇವಣಿದಾರನಿಗೆ ಒಂದು ಬ್ಯಾಂಕಿನಲ್ಲಿ ಅಸಲು, ಬಡ್ಡಿ ಸೇರಿ ಐದು ಲಕ್ಷ ರೂಪಾಯಿಗಳವರೆಗೆ ಅದು ಅನ್ವಯಿಸುತ್ತದೆ. ಅದಕ್ಕೆ ಮುಂಚೆ ಈ ಮಿತಿ ಒಂದೇ ಲಕ್ಷವಿತ್ತು. ಸಹಕಾರಿ ಬ್ಯಾಂಕುಗಳಿಗೂ ಈ ವಿಮೆ ಉಂಟು. ಆದರೆ ಪತ್ತಿನ ಸಹಕಾರ ಸಂಘಗಳಿಗೆ, ಸೌಹಾರ್ದ ಸಹಕಾರಿಗಳಿಗೆ ಈ ವಿಮೆ ಇಲ್ಲ. ಇವುಗಳಲ್ಲಿ ಪ್ರಾಮಾಣಿಕವಾಗಿ ನಡೆಯುವ ಸಂಘಗಳು ಬೇಕಾದಷ್ಟಿವೆ. ಊರಿನ ಅಭ್ಯುದಯಕ್ಕೆ ಅವು ಸಲ್ಲಿಸಿದ ಸೇವೆ ದೊಡ್ಡದು. ಆದರೂ ವಿಮೆಯಿಲ್ಲವೆಂಬ ಸಂಗತಿಯನ್ನು ತಿಳಿದೇ ಅಲ್ಲಿ ಹಣವಿಡಬೇಕು. ವಾರ್ಷಿಕ ವರದಿಯನ್ನು ಕೇಳಿ ಓದಬೇಕು. ಒಂದೇ ಕಡೆ ಎಲ್ಲವನ್ನೂ ಇಡಬಾರದು. ೨೦೨೦ರ ಜನವರಿಯಲ್ಲಿ ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕು ನಿರ್ಬಂಧ ಹೇರಿ, ಠೇವಣಿದಾರರು ಮೊದಲಿಗೆ ೩೫,೦೦೦ ರೂ.ಗಿಂತ ಹೆಚ್ಚು ತೆಗೆಯದಂತೆ ಮಾಡಿದಾಗ, ನಿವೃತ್ತಿಯ ಹಣವನ್ನೆಲ್ಲ ಅಲ್ಲೇ ಇಟ್ಟಿದ್ದ ಹಿರಿಯರು ಪಟ್ಟ ಪಾಡು ಎಲ್ಲರಿಗೂ ಪಾಠ.

ಹಣವನ್ನು ಮೂರು ವರ್ಷದಲ್ಲಿ ದ್ವಿಗುಣ ಮಾಡಿಕೊಡುತ್ತೇವೆಂದು ಬರುವವರನ್ನು ಅಳೆಯಲು ಒಂದು ಸುಲಭ ಸೂತ್ರವಿದೆ. ೭೨ನ್ನು ಬಡ್ಡಿಯ ದರದಿಂದ ಭಾಗಿಸಿದರೆ ಹಣ ಎರಡರಷ್ಟಾಗಲು ಬೇಕಾದ ವರ್ಷಗಳು ಸಿಗುತ್ತವೆ. ಶೇಕಡ ೮ರಂತೆ ಒಂಬತ್ತು ವರ್ಷ ಬೇಕು. ಮೂರು ವರ್ಷದಲ್ಲಿ ಆಗಬೇಕಾದರೆ ಶೇಕಡ ೨೪ ಬರಬೇಕು. ನ್ಯಾಯವಾದ ಯಾವ ವ್ಯಾಪಾರದಿಂದ ವರ್ಷವರ್ಷವೂ ತಪ್ಪದೆ ಅಷ್ಟು ಹುಟ್ಟುತ್ತದೆಂದು ಅವರನ್ನೇ ಕೇಳಿರಿ. ೧೯೯೦ರ ದಶಕದಲ್ಲಿ ತೇಗದ ತೋಟದ ಹೆಸರಿನಲ್ಲಿ ಜನರ ಹಣ ಕೂಡಿಸಿದ ಎಷ್ಟೋ ಸಂಸ್ಥೆಗಳು ಇಂತಹ ಪ್ರಶ್ನೆಗೆ ಉತ್ತರ ಕೊಡಲಾರದೆ ಮುಳುಗಿದವು.

ಮನೆಯವರೆಲ್ಲ ಕುಳಿತು ಮಾಡಬೇಕಾದ ಲೆಕ್ಕ

ಇಷ್ಟೆಲ್ಲ ವಿಚಾರಿಸಿದ ಮೇಲೆ ಗೃಹಸ್ಥರು ಅನುಸರಿಸಬಹುದಾದ ಕ್ರಮ ಸರಳವಾದದ್ದು. ಮನೆಯ ಹಣವನ್ನು ಕಾಲಕ್ಕೆ ತಕ್ಕಂತೆ ಮೂರು ಪಾಲು ಮಾಡಿರಿ. ಒಂದು ವರ್ಷದೊಳಗೆ ಬೇಕಾಗುವ ಹಣ, ಅಂದರೆ ಊಟ, ಔಷಧ, ಶಾಲೆಯ ಶುಲ್ಕ, ಮುಂದಿನ ಬಿತ್ತನೆ, ಇದು ಬ್ಯಾಂಕಿನಲ್ಲೋ ಅಂಚೆ ಕಚೇರಿಯಲ್ಲೋ ಇರಲಿ. ಇದರಿಂದ ಲಾಭ ನಿರೀಕ್ಷಿಸಬೇಡಿ. ಐದು ವರ್ಷದೊಳಗೆ ಬೇಕಾಗುವ ಹಣ, ಅಂದರೆ ಮದುವೆ, ಮನೆ ಕಟ್ಟುವುದು, ಮಕ್ಕಳ ಕಾಲೇಜು, ಇದು ಅಸಲು ಅಲುಗದ ಠೇವಣಿಗಳಲ್ಲಿರಲಿ. ಐದಾರು ವರ್ಷ ಮುಟ್ಟದೆ ಇರಬಲ್ಲ ಹಣವಿದ್ದರೆ ಅದು ತೋಟಕ್ಕೋ ನಿವೇಶನಕ್ಕೋ ಷೇರಿಗೋ ಸಲ್ಲಬಹುದು. ಈ ಮೂರನೆಯ ಪಾಲು ಖಾಲಿಯಿರುವಾಗ ಮೊದಲೆರಡು ಪಾಲನ್ನು ಕಿತ್ತು ತೋಟ ಮಾಡುವುದು ಅಪಾಯ.

ಆಮೇಲೆ ಹೂಡಿಕೆಯ ಮುಂದೆ ಈ ಪ್ರಶ್ನೆಗಳನ್ನಿಡಿ. ಇಂದಿನ ಬೆಲೆಗೆ ಕಾರಣವೇನು, ಆ ಕಾರಣ ಎಷ್ಟು ಕಾಲ ನಿಂತೀತು? ಬೆಲೆ ಅರ್ಧವಾದರೂ ಕಂತು ಕಟ್ಟಬಲ್ಲೆವೇ? ಎರಡು ವರ್ಷ ಮಳೆ ಹೋದರೆ ನೀರೆಲ್ಲಿಂದ? ಅವಸರಕ್ಕೆ ಮಾರಬೇಕಾದರೆ ಕೊಳ್ಳುವವರು ಯಾರು? ನಿವೇಶನವಾದರೆ ಭೂ ಪರಿವರ್ತನೆ, ಬಡಾವಣೆಯ ಅನುಮೋದನೆ, ಖಾತೆ ಇವು ಸರಿಯಾಗಿವೆಯೇ? ಕಡೆಯದಾಗಿ, ಈ ವಿಷಯ ಮನೆಯ ಹೆಣ್ಣುಮಕ್ಕಳಿಗೆ, ದುಡಿಯುವ ಮಕ್ಕಳಿಗೆ ತಿಳಿದಿದೆಯೇ? ಯಜಮಾನನೊಬ್ಬನ ತಲೆಯಲ್ಲಿರುವ ಸಾಲದ ಲೆಕ್ಕ ಅವನ ನಂತರ ಮನೆಯವರಿಗೆ ಸಿಡಿಲಿನಂತೆ ಎರಗುತ್ತದೆ. ಒಂದು ಪುಸ್ತಕದಲ್ಲಿ ಬರೆದಿಟ್ಟು, ಯುಗಾದಿಗೊಮ್ಮೆ ದೀಪಾವಳಿಗೊಮ್ಮೆ ಎಲ್ಲರೂ ಕುಳಿತು ನೋಡುವ ಪದ್ಧತಿಯನ್ನು ರೂಢಿಸಿಕೊಂಡರೆ ಅರ್ಧ ಗಂಡಾಂತರ ತಪ್ಪುತ್ತದೆ.

ನಮ್ಮ ಕಣ್ಣೆದುರೇ ದಾವಣಗೆರೆಯ ಉದಾಹರಣೆಯಿದೆ. ಹತ್ತಿ ಗಿರಣಿಗಳಿಂದ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡ ಊರು ಅದು. ಗಿರಣಿಯ ನೌಕರಿ ಸಿಕ್ಕರೆ ಮೂರು ತಲೆಮಾರಿಗೆ ಚಿಂತೆಯಿಲ್ಲವೆಂದು ಜನ ನಂಬಿದ್ದರು. ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಊರು ಮಾತ್ರ ಮುಳುಗಲಿಲ್ಲ. ವಿದ್ಯಾಸಂಸ್ಥೆಗಳಿಂದ, ಧಾನ್ಯದ ವ್ಯಾಪಾರದಿಂದ ಮತ್ತೆ ಎದ್ದು ನಿಂತಿತು. ಒಂದನ್ನೇ ನೆಚ್ಚದೆ ಬೇರೆ ದಾರಿಗಳ ಕಡೆಗೂ ಕಣ್ಣಿಟ್ಟವರು ಆ ಬದಲಾವಣೆಯಲ್ಲಿ ಉಳಿದುಕೊಂಡರು.

ಆದ್ದರಿಂದ ಉಳಿದ ಹೊಲಕ್ಕೂ ಅಡಿಕೆ ಹಾಕೋಣವೇ ಎಂದು ಕೇಳುವ ಬಂಧುಗಳಿಗೆ ನಮ್ಮ ಉತ್ತರವಿಷ್ಟು: ನಾಲೆಯ ನೀರಿದ್ದು, ಸಾಲವಿಲ್ಲದೆ, ಆರೇಳು ವರ್ಷ ಕಾಯಬಲ್ಲ ಶಕ್ತಿಯಿದ್ದರೆ ಹೊಲದ ಒಂದು ಭಾಗಕ್ಕೆ ಹಾಕಬಹುದು. ಮನೆಗೆ ಅನ್ನ ಕೊಡುವ ಗದ್ದೆಯನ್ನೂ ದನಕ್ಕೆ ಮೇವು ಕೊಡುವ ಹೊಲವನ್ನೂ ಉಳಿಸಿಕೊಳ್ಳಿರಿ. ಕೊಳವೆಬಾವಿಯ ಭರವಸೆಯ ಮೇಲೆ, ಸಾಲದ ಹಣದಿಂದ, ಇದ್ದ ನೆಲಕ್ಕೆಲ್ಲ ಹಾಕುವ ಯೋಚನೆಯಿದ್ದರೆ ಈ ವರ್ಷಕ್ಕೆ ತಡೆಯಿರಿ. ಒಂದು ವರ್ಷ ತಡವಾಗಿ ನೆಟ್ಟ ತೋಟ ಒಂದು ವರ್ಷ ತಡವಾಗಿ ಫಲ ಕೊಡುತ್ತದೆ; ಸಾಲಕ್ಕೆ ಹೋದ ಹೊಲ ಹಿಂತಿರುಗಿ ಬರುವುದು ಅಪರೂಪ.